ಆಯಿಯ ಎಡ ಅಂಗೈಯಲ್ಲಿ ಇದ್ದದ್ದು

ನಮ್ಮ ಊರಿನ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಬಿಸಿಲಿನ ಬಿಲ್ಲೆ ಇಳಿಯುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಂದು ಮೊದಲು ಗೋಡೆಯ ಮೇಲೆ ಕೂರುತ್ತಿತ್ತು, ಅಲ್ಲಿಂದ ನಿಧಾನಕ್ಕೆ ಜಾರಿ ನೆಲಕ್ಕೆ ಬಂದು ಆಯಿಯ ಕಂಬಳಿಯ ಅಂಚು ಮುಟ್ಟುವ ಹೊತ್ತಿಗೆ ಅವಳ ಲಿಂಗಪೂಜೆ ಶುರುವಾಗುತ್ತಿತ್ತು. ಟೈಮ್ ನೋಡಲು ಮನೆಯಲ್ಲಿ ಏನೂ ಇರಲಿಲ್ಲವೆಂದಲ್ಲ. ಕಾಕಾನ ಕೈಯಲ್ಲೊಂದು ವಾಚ್ ಇತ್ತು, ಆದರೆ ಅದು ಕಾಕಾನಂತೆಯೇ, ಕೇಳಿದವರಿಗೆ ಬೇಕಾದ ಉತ್ತರ ಕೊಡುತ್ತಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಬಿಸಿಲನ್ನು ನಂಬಿದ್ದಳು. ಆಳಂದದಿಂದ ಮಾದನಹಿಪ್ಪರಗಾ ಬಸ್ಸು ಹಿಡಿದರೆ ನಡುವೆ ಸಿಗುವ ಊರು ನಮ್ಮದು. ಅಪ್ಪ ದೂರದ ಜೇವರ್ಗಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಹೊಲಮನೆ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ. ಅಡುಗೆಮನೆ ಅವ್ವನದು. ಉಳಿದದ್ದೆಲ್ಲ, ಅಂದರೆ ನಾವು ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾರ ಮನೆಗೆ ಹೋಗಬಾರದು ಎಂಬುದೆಲ್ಲ, ಆಯಿಯದು.

ಪೂಜೆ ಮುಗಿಯುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಅವ್ವ ಹಿಟ್ಟು ನಾದಿಟ್ಟುಕೊಂಡು ಒಲೆ ಮುಂದೆ ಕೂತಿರುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ ಆಯಿಯನ್ನೇ ನೋಡುತ್ತಿದ್ದೆ. ಒದ್ದೆ ಕೂದಲು, ಹಣೆಗೆ ಮೂರು ಬೆರಳ ವಿಭೂತಿ. ಕೊರಳಿನ ದಾರದಿಂದ ಬಟ್ಟೆಯ ಗಂಟು ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸಣ್ಣ ನಿಂಬೆಹಣ್ಣಿನಷ್ಟು, ಕಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುವ ಲಿಂಗ. ಹುಟ್ಟಿದ ಐದನೇ ದಿನ ಗುರು ಬಂದು ಕೂಸಿಗೆ ಕಟ್ಟಿದ್ದಂತೆ. ಅದು ಮೈಬಿಟ್ಟು ಹೋಗಬಾರದು. ಹೋದರೆ ಸಿಗುವ ತನಕ ಅನ್ನನೀರು ಮುಟ್ಟಬಾರದು. ಸತ್ತಾಗ ಅದನ್ನೇ ಅಂಗೈಯಲ್ಲಿಟ್ಟು ಕೂಡಿಸಿ ಮಣ್ಣು ಮಾಡುತ್ತಾರೆ. ಇಷ್ಟನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ನೀರು, ವಿಭೂತಿ, ಒಂದು ಪತ್ರಿ ಎಲ್ಲ ಆದಮೇಲೆ ಆಯಿ ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ನಡುವೆ ನೊಣ ಬಂದು ಮೂಗಿನ ಮೇಲೆ ಕೂತರೂ ಅಲ್ಲಾಡುತ್ತಿರಲಿಲ್ಲ.

“ಏನ ಕಾಣಸ್ತದ ಆಯಿ?”

“ಬೆಳಕ.”

“ಕರ್ರನ್ನ ಕಲ್ಲಿನ್ಯಾಗ?”

“ಹ್ಞೂಂ. ನೋಡ್ಕೋತ ಕುಂತ್ರ ಕಾಣಸ್ತದ.”

ಒಂದು ಸಲ ಹಟ ಮಾಡಿ ಅವಳ ಭುಜದ ಮೇಲಿಂದ ಬಗ್ಗಿ ನಾನೂ ನೋಡಿದೆ. ನನಗೆ ಕಂಡದ್ದು ನನ್ನ ಮೂಗು, ಬಹಳ ದಪ್ಪಗೆ. ಅದನ್ನು ಹೇಳಿದ್ದಕ್ಕೆ ಕಾಕಾ ಬಿದ್ದು ಬಿದ್ದು ನಕ್ಕ. “ಲಿಂಗ ಖರೇ ಹೇಳ್ಯಾದ ನೋಡು,” ಅಂದ.

ಆ ಹೊತ್ತಿಗೆ ನಾನು ಗುಲಬರ್ಗಾದ ಒಂದು ಕಾನ್ವೆಂಟಿನ ಬೋರ್ಡಿಂಗ್ ಸೇರಿ ಮೂರು ವರ್ಷವಾಗಿತ್ತು. ಯಾವ ಕಾನ್ವೆಂಟ್ ಎಂದು ಹೇಳುವುದು ಬೇಡ, ಎಲ್ಲ ಕಾನ್ವೆಂಟಿನಲ್ಲೂ ಅದೇ ಉದ್ದ ಕಾರಿಡಾರ್, ಅದೇ ಫಿನಾಯಿಲ್ ವಾಸನೆ. ನಮಗೆ ಸೈನ್ಸ್ ಕಲಿಸುತ್ತಿದ್ದವರು ಸಿಸ್ಟರ್ ಬೆನಿಟಾ. ಬೋರ್ಡಿನ ಮೇಲೆ ಅಬ್ಸರ್ವೇಶನ್, ಎಕ್ಸ್‌ಪೆರಿಮೆಂಟ್, ಕನ್‌ಕ್ಲೂಶನ್ ಎಂದು ಮೂರು ಖಾನೆ ಎಳೆದು, ಅದರಲ್ಲಿ ಜಗತ್ತನ್ನೆಲ್ಲ ತುಂಬಿಸುತ್ತಿದ್ದರು. ಏನು ಹೇಳಿದರೂ “ಹೌ ಡು ಯು ನೋ?” ಅನ್ನುತ್ತಿದ್ದರು. ಅದೇ ಸಿಸ್ಟರ್ ಶನಿವಾರ ಕಿಚನ್ನಿನಲ್ಲಿ ಚರ್ಚಿನ ಪೂಜೆಗೆಂದು ಹಾಳೆಯಷ್ಟು ತೆಳುವಾದ ರೊಟ್ಟಿ ಸುಟ್ಟು, ಅದರಿಂದ ನಾಣ್ಯದಗಲದ ಬಿಲ್ಲೆಗಳನ್ನು ಕತ್ತರಿಸುತ್ತಿದ್ದರು. ಕತ್ತರಿಸಿ ಉಳಿದ ಅಂಚುಗಳನ್ನು ಪೇಪರಿನಲ್ಲಿ ಸುತ್ತಿ ನಮಗೆ ಕೊಡುತ್ತಿದ್ದರು, ನಾವು ಕುರುಕುರು ತಿನ್ನುತ್ತಿದ್ದೆವು. ಮರುದಿನ ಅದೇ ಬಿಲ್ಲೆಯ ಮುಂದೆ ಅದೇ ಸಿಸ್ಟರ್ ಮಂಡಿಯೂರಿ ಕಣ್ಣು ಮುಚ್ಚುತ್ತಿದ್ದರು. ಇದು ಯಾವ ಖಾನೆಗೆ ಸೇರುತ್ತದೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಆದರೆ “ಹೌ ಡು ಯು ನೋ” ಅನ್ನುವುದನ್ನು ರಜೆಗೆ ಊರಿಗೆ ತಂದು ಎಲ್ಲರ ತಲೆ ತಿನ್ನುತ್ತಿದ್ದೆ. ಕಾಕಾ ನನಗೆ ‘ಇಂಗ್ಲೀಸ್ ಬಾಯಿ’ ಎಂದು ಹೆಸರಿಟ್ಟಿದ್ದ. ಆಯಿಗೆ ಮಾತ್ರ ನನ್ನ ಕಾನ್ವೆಂಟಿನ ಬಗ್ಗೆ ಒಂದು ಗಟ್ಟಿ ತಿಳಿವಳಿಕೆ ಇತ್ತು: ಅಲ್ಲಿ ಓದಿದ ಮಕ್ಕಳು ಸುಳ್ಳು ಹೇಳುವುದಿಲ್ಲ. ಒಮ್ಮೆ ನಾನು ಉಪ್ಪಿನಕಾಯಿ ಭರಣಿ ಒಡೆದು, ಯಾರೂ ಕೇಳುವ ಮೊದಲೇ ಹೋಗಿ ಒಪ್ಪಿಕೊಂಡಿದ್ದೆ. ಬೋರ್ಡಿಂಗಿನ ಅಭ್ಯಾಸ, ಅಲ್ಲಿ ಒಪ್ಪಿಕೊಂಡರೆ ಶಿಕ್ಷೆ ಅರ್ಧ. ಆಯಿ ಅದನ್ನು ಬಂದವರಿಗೆಲ್ಲ ಹೇಳಿದಳು. “ಈ ಮನ್ಯಾಗ ಎಲ್ಲಾರೂ ಸುಳ್ಳ ಹೇಳ್ತಾರ. ನಮ್ಮ ಶಶಿ ಸುಳ್ಳ ಹೇಳಂಗಿಲ್ಲ.”

ನನಗೆ ಹನ್ನೊಂದು ತುಂಬಿದ ಬೇಸಿಗೆ. ಜೋಳದ ರಾಶಿ ಮುಗಿದು ಹಗೇವು ತುಂಬುವ ದಿನ. ಈಗಿನವರು ಹಗೇವು ನೋಡಿರಲಾರರು. ನೆಲದೊಳಗೆ ಮಣ್ಣಿನ ಕೊಡದಂತೆ ತೋಡಿದ ಆಳದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲುಹಾಸು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅಂಗಳದಲ್ಲಿ ನಮ್ಮವು ಎರಡಿದ್ದವು. ಒಂದು ಪ್ರತಿವರ್ಷ ತೆಗೆಯುವುದು, ಇನ್ನೊಂದು ಮುಚ್ಚಿಟ್ಟು ಮರೆಯುವುದು. ಆ ದಿನ ತುಂಬಿದ್ದು ಮರೆಯುವ ಹಗೇವು. ಕೊನೆಯ ಬುಟ್ಟಿಯನ್ನು ಆಯಿಯೇ ಬಗ್ಗಿ ಸುರಿಯಬೇಕು, ಅದು ಮನೆಯ ಪದ್ಧತಿ. ಸುರಿದಳು, ಕೈ ಮುಗಿದಳು, ಕಾಕಾ ಕಲ್ಲೆಳೆದು ಮುಚ್ಚಿದ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದ ಆಯಿ ಬಚ್ಚಲಿನಿಂದ ಒದ್ದೆ ಸೀರೆಯಲ್ಲೇ ಹೊರಬಂದು ನಿಂತಳು. ಕೈ ಕೊರಳ ಮೇಲಿತ್ತು. ಕೊರಳಲ್ಲಿ ದಾರ ಇರಲಿಲ್ಲ.

ಹಾಸಿಗೆ ಕೊಡವಿದೆವು. ಬಚ್ಚಲ ನೀರು ಹೋಗುವ ಕಾಲುವೆ ಕೆದಕಿದೆವು. ದನದ ಕೊಟ್ಟಿಗೆ, ಹಿತ್ತಲು, ತಿಪ್ಪೆ ಎಲ್ಲ ಸೋಸಿದೆವು. ಕಾಕಾ ಮೊದಲೇ ಕೇಳಿದ್ದ.

“ನಿನ್ನೆ ಹಗೇವು ತುಂಬೂಮುಂದ ಬಗ್ಗಿದ್ದಿ. ಅದರಾಗ ಬಿದ್ದದೇನು?”

“ಇಲ್ಲೋ. ಸಂಜಿಗೆ ದೀಪ ಹಚ್ಚೂಮುಂದ ಎದಿ ಮುಟ್ಟಿ ಕೈ ಮುಗದೀನಿ. ಲಿಂಗ ಇತ್ತು. ಇದೇ ಕೈಲೆ ಮುಟ್ಟೀನಿ.”

“ಪಕ್ಕಾ?”

“ನನ್ನ ಲಿಂಗ ನನಗ ಗೊತ್ತಾಗಂಗಿಲ್ಲೇನೋ?”

ಆಯಿ ಹಾಗಂದ ಮೇಲೆ ಮುಗಿಯಿತು. ಹಗೇವಿನ ತಂಟೆಗೆ ಯಾರೂ ಹೋಗಲಿಲ್ಲ. ಮುಚ್ಚಿದ ಹಗೇವು ಒಂದೇ ದಿನಕ್ಕೆ ತೆಗೆದರೆ ಕಾಳಿಗೆ ಹುಳ ಬೀಳುತ್ತದೆಂಬ ಹೆದರಿಕೆ ಬೇರೆ. ಹಾಗಾಗಿ ನಾವು ಸಂಜೆಯಿಂದೀಚೆಗೆ ಆಯಿ ಕಾಲಿಟ್ಟ ಕಡೆಯಲ್ಲೆಲ್ಲ ಹುಡುಕಿದೆವು, ಅದಕ್ಕಿಂತ ಹಿಂದಿನ ಕಡೆ ಹುಡುಕಲಿಲ್ಲ. ಆಯಿ ಪಡಸಾಲೆಯ ಕಂಬಳಿಯ ಮೇಲೆ ಗೋಡೆಗೆ ಒರಗಿ ಕೂತಳು. ಅನ್ನವಿಲ್ಲ, ನೀರಿಲ್ಲ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ನೀರಿಲ್ಲ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ದಿನ ಮಧ್ಯಾಹ್ನಕ್ಕೆ ಅವಳ ತುಟಿ ಬಿರಿಯಿತು. ಬಿಸಿಲಿನ ಬಿಲ್ಲೆ ಬಂದು ಅವಳ ಖಾಲಿ ಅಂಗೈಯ ಮೇಲೆ ಕೂತು ಹೋಯಿತು. ಮಠದ ಅಯ್ಯನವರು ಬಂದರು. ನಮ್ಮ ಮನೆತನಕ್ಕೆ ಲಿಂಗ ಕಟ್ಟುವವರು ಅವರೇ.

“ತಾಯಿ, ಇದಕ್ಕ ಶಾಸ್ತ್ರದಾಗ ದಾರಿ ಅದ್ರಿ. ನಾ ಬ್ಯಾರೆ ಕಟ್ತೇನಿ. ಶಿವ ಎಲ್ಲಾದ್ರಾಗೂ ಒಬ್ಬನೇ ಅಲ್ರಿ?”

“ನನಗ ಹುಟ್ಟಿದಾಗ ಕಟ್ಟಿದ್ದು ಬೇಕ್ರಿ. ಅದನ್ನ ಕೈಯಾಗ ಇಟಗೊಂಡು ಮಣ್ಣಿಗೆ ಹೋಗಾಕಿ ನಾ. ಬ್ಯಾರೇದು ಇಟಗೊಂಡು ಹೋದ್ರ ಅಲ್ಲಿ ನನ್ನ ಗುರ್ತ ಯಾರು ಹಿಡೀಬೇಕು?”

ಎರಡನೇ ದಿನ ಸಂಜೆಗೆ ಅವಳ ಮಾತು ತೊದಲತೊಡಗಿತು. ಕೊಟ್ಟಿಗೆಯಲ್ಲಿ ಕಾಕಾ, ಅಯ್ಯನವರು, ಅವ್ವ ಗುಸುಗುಸು ಮಾತಾಡುತ್ತಿದ್ದರು. ನಾನು ಎಮ್ಮೆಯ ಆಚೆ ನಿಂತಿದ್ದೆ. ಅಯ್ಯನವರ ಕೈಯಲ್ಲೊಂದು ಹಳೆಯ ಲಿಂಗವಿತ್ತು, ಮಠದಲ್ಲಿ ಉಳಿದದ್ದು. ಅಳತೆ ಅದೇ, ಹೊಳಪು ಅದೇ. ತಿಪ್ಪೆಯ ಪಕ್ಕ ಸಿಕ್ಕಿತೆಂದು ಹೇಳುವುದು. ಯಾರು ಹೇಳುವುದು ಎಂಬಲ್ಲಿಗೆ ಮಾತು ನಿಂತಿತು.

“ನಾ ಹೇಳಿದ್ರ ನಂಬಂಗಿಲ್ಲ ಆಕಿ,” ಅಂದ ಕಾಕಾ. “ಹುಟ್ಟಿದಾಗಿಂದ ನನ್ನ ಸುಳ್ಳ ಕೇಳ್ಯಾಳ. ಶಶಿ ಹೇಳ್ಲಿ.”

“ಕೂಸಿನ ಬಾಯಿಲೆ ಸುಳ್ಳ ಹೇಳಸ್ತೀರೇನು?” ಅವ್ವ ಅಂದಳು.

“ಹಂಗಾರ ನೀವೇ ಹೇಳ್ರಿ ವೈನಿ.”

ಅವ್ವ ಎಮ್ಮೆಯ ಆಚೆ ಬಂದಳು. ಆಮೇಲೆ ನನ್ನ ಕೈ ಹಿಡಿದು ಎಳೆದುಕೊಂಡು, ಸೆರಗಿನಿಂದ ನನ್ನ ಮುಖ ಒರೆಸಿದಳು. ನಾನು ಅತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ, ಗೋಡೆಯ ಮೇಲೆ ಬಿಸಿಲು ಇನ್ನೂ ಕೂತಿರುವಾಗ, ನಾನು ಹಿತ್ತಲಿನಿಂದ ಓಡಿಬಂದೆ.

“ಆಯಿ, ಸಿಕ್ತು! ತಿಪ್ಪಿ ಬಾಜೂಕಿತ್ತು. ಬಟ್ಟಿ ನಾಯಿ ಹರದಿತ್ತು.”

ಅವಳು ಕೈ ಚಾಚಲಿಲ್ಲ. ನನ್ನ ಹಿಂದೆ ಕಾಕಾ, ಅವ್ವ ಬಂದು ನಿಂತಿದ್ದರು. ಆಯಿ ನನ್ನ ಮುಖವನ್ನೇ ನೋಡಿದಳು. ಲಿಂಗವನ್ನಲ್ಲ, ನನ್ನ ಮುಖವನ್ನು.

“ಖರೇ ಹೇಳು ಬೇ. ನಂದೇ ಏನು?”

“ನಿಂದೇ ಆಯಿ.”

ಸ್ನಾನ ಮಾಡಿಸಿದರು. ಕಂಬಳಿಯ ಮೇಲೆ ಕೂಡಿಸಿದರು. ಆ ಪೂಜೆಯನ್ನು ನೋಡಿದಷ್ಟು ಗಮನವಿಟ್ಟು ನಾನು ಬದುಕಿನಲ್ಲಿ ಮತ್ತೇನನ್ನೂ ನೋಡಿಲ್ಲ. ಹೆದರಿಕೆ ಇತ್ತು, ಸುಳ್ಳು ಸಿಕ್ಕಿಬೀಳುತ್ತದೆಂದು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು, ಈಗ ಹೇಳಲು ನಾಚಿಕೆಯಾಗುತ್ತದೆ, ಅದು ಕುತೂಹಲ. ಅರವತ್ತು ವರ್ಷ ದಿನಾ ನೋಡಿದ ಕಣ್ಣು ಇದು. ಇದಕ್ಕೆ ಗೊತ್ತಾಗುತ್ತದೆಯೋ ಇಲ್ಲವೋ? ದೇವರು ಇದ್ದರೆ ಈಗ ಬಾಯಿ ಬಿಡಬೇಕು. ಸಿಸ್ಟರ್ ಬೆನಿಟಾರ ಮೂರು ಖಾನೆ ನನ್ನ ಕಣ್ಣ ಮುಂದಿದ್ದವು. ಆಯಿ ನೋಡುತ್ತ ಕೂತಳು. ಬಿಸಿಲಿನ ಬಿಲ್ಲೆ ಅವಳ ಮಂಡಿಯ ಮೇಲೆ ಹತ್ತಿತು. ಅವಳ ಕಣ್ಣಿಂದ ನೀರು ಇಳಿದು ಗದ್ದದಲ್ಲಿ ನಿಂತಿತು. ಎರಡು ದಿನ ನೀರು ಕುಡಿಯದ ಮೈಯಲ್ಲಿ ಅಷ್ಟು ನೀರು ಎಲ್ಲಿತ್ತೋ.

“ಬೆಳಕ ಕಾಣಿಸ್ತೇನು ಆಯಿ?” ಪೂಜೆ ಮುಗಿದ ಮೇಲೆ ಮೆಲ್ಲಗೆ ಕೇಳಿದೆ.

“ಕಾಣಿಸ್ತು ನಮ್ಮವ್ವ. ಇವತ್ತ ಜಾಸ್ತಿ ಕಾಣಿಸ್ತು.”

ಅವ್ವ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ತಂದಳು. ಆಯಿ ಮೊದಲ ಗುಟುಕು ತಾನು ಕುಡಿಯಲಿಲ್ಲ, ನನ್ನ ಬಾಯಿಗೆ ಹಿಡಿದಳು. “ಈಕಿ ಹುಡಿಕ್ಯಾಳ, ಈಕಿ ಮೊದಲ ಕುಡೀಲಿ.” ಕುಡಿದೆ. ಆ ಅಂಬಲಿ ಇಳಿಯಲಿಲ್ಲ, ಹಾಗೆಂದು ಉಗುಳಲೂ ಆಗಲಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಶನಿವಾರ, ಕಿಚನ್ನಿನಲ್ಲಿ ಸಿಸ್ಟರ್ ಬೆನಿಟಾ ಬಿಲ್ಲೆ ಕತ್ತರಿಸುತ್ತಿರುವಾಗ ಎಲ್ಲ ಹೇಳಿಬಿಟ್ಟೆ. ಕ್ಯಾಥೊಲಿಕ್ ಹುಡುಗಿಯರಿಗೆ ತಪ್ಪು ಒಪ್ಪಿಕೊಳ್ಳಲು ಒಂದು ಪೆಟ್ಟಿಗೆ ಇತ್ತು, ಪರದೆ ಇತ್ತು. ನನಗೆ ಇದ್ದದ್ದು ಕಿಚನ್. ಅವರು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಎ ಲೈ ಈಸ್ ಎ ಲೈ, ಶಶಿಕಲಾ.”

“ಯೆಸ್ ಸಿಸ್ಟರ್.”

ಇನ್ನೂ ನಾಲ್ಕು ಬಿಲ್ಲೆ ಕತ್ತರಿಸಿದರು. ಆಮೇಲೆ ಕೈ ನಿಂತಿತು.

“ಆಮೇಲೆ ಅಜ್ಜಿ ಏನು ತಿಂದರು?”

“ಅಂಬಲಿ ಸಿಸ್ಟರ್. ಮಜ್ಜಿಗೆ ಹಾಕಿ.”

“ಪೂರ್ತಿ ಕುಡಿದರಾ?”

“ಎರಡು ಬಟ್ಟಲು.”

ಸಿಸ್ಟರ್ “ಗುಡ್” ಅಂದರು. ಅಂದ ಮೇಲೆ ತಮ್ಮ ಮಾತು ತಮಗೇ ಇಷ್ಟವಾಗದವರಂತೆ ಕನ್ನಡಕ ತೆಗೆದು ಒರೆಸಿಕೊಂಡರು. ಆಗ ನನಗೆ ಧೈರ್ಯ ಬಂತು. ಈ ಬಿಲ್ಲೆ ಭಾನುವಾರ ದೇವರಾಗುತ್ತದೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. “ಗೊತ್ತಿಲ್ಲ ಮಗು,” ಅಂದರು. “ಗೊತ್ತಿದ್ದರೆ ಮಂಡಿಯೂರುವ ಅಗತ್ಯವೇ ಇರಲಿಲ್ಲ.” ಉಳಿದ ಅಂಚುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಎಂದಿಗಿಂತ ಹೆಚ್ಚು ಇತ್ತು.

ನಾಲ್ಕು ವರ್ಷ ಕಳೆದವು. ಪ್ರತಿ ರಜೆಯಲ್ಲೂ ಆಯಿ ಅದೇ ಬಿಸಿಲಿನ ಬಿಲ್ಲೆಯಲ್ಲಿ, ಆ ಲಿಂಗ ಹಿಡಿದು ಕೂರುತ್ತಿದ್ದಳು. ನಾನು ಅದೇ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನನಗೆ ಎಲ್ಲ ತಿಳಿದಿತ್ತು ಎಂಬ ಜಂಬ: ಕಲ್ಲಿಗೆ ಪಾಲಿಶ್ ಇದೆ, ಮೇಲೆ ಬೆಳಕಿಂಡಿ ಇದೆ, ಬೆಳಕು ಕಾಣದೆ ಮತ್ತೇನು ಕಾಣಬೇಕು? ಕೇಸ್ ಕ್ಲೋಸ್ಡ್. ಆದರೆ ಪೂಜೆ ಮುಗಿಸಿ ಎದ್ದ ಆಯಿಯ ಮುಖ ನೋಡಿದರೆ ಆ ಕೇಸು ಮತ್ತೆ ತೆರೆದುಕೊಳ್ಳುತ್ತಿತ್ತು. ಅಷ್ಟು ಸಮಾಧಾನ ಪಾಲಿಶ್‌ನಿಂದ ಬರುತ್ತದೆಯೇ? ಬಂದರೆ ನಮ್ಮೆಲ್ಲರಿಗೂ ಯಾಕೆ ಬರುವುದಿಲ್ಲ? ಇದರ ಜೊತೆಗೆ ಒಂದು ಭಯ ನನ್ನೊಂದಿಗೇ ಬೆಳೆಯುತ್ತಿತ್ತು. ಆಯಿಗೆ ವಯಸ್ಸಾಗುತ್ತಿತ್ತು. ಒಂದು ದಿನ ಅವಳನ್ನು ಮಣ್ಣಿನಲ್ಲಿ ಕೂಡಿಸುತ್ತಾರೆ, ಅಂಗೈಯಲ್ಲಿ ನನ್ನ ಸುಳ್ಳನ್ನು ಇಟ್ಟು.

ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಬಂದ ಬೇಸಿಗೆ. ಆ ವರ್ಷ ಕಾಕಾ ಮರೆಯುವ ಹಗೇವು ತೆಗೆಸಿದ. ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗಿನ ಗಾಳಿ ಕೊಲ್ಲುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದರು. ಅರ್ಧಕ್ಕೆ ಹೋಗಿ ಆರಿತು. ಮರುದಿನ ಇಳಿಸಿದರು. ಉರಿಯುತ್ತಲೇ ಕಾಳು ಮುಟ್ಟಿತು. “ದೀಪ ಸುಳ್ಳ ಹೇಳಂಗಿಲ್ಲ,” ಎಂದು ಕಾಕಾ ಧೋತರ ಮೇಲೆ ಕಟ್ಟಿ ಇಳಿದ. ಬುಟ್ಟಿ ಮೇಲೆ ಬುಟ್ಟಿ ಜೋಳ ಬಂತು, ಹುಳಿ ವಾಸನೆಯ, ಬಣ್ಣಗೆಟ್ಟ ಜೋಳ. ಅವ್ವ, ನಾನು ಅಂಗಳದಲ್ಲಿ ಕೂತು ಮೊರದಲ್ಲಿ ಕೇರತೊಡಗಿದೆವು. ಅವ್ವನ ಮೊರದಲ್ಲಿ ಕಾಳಿನ ನಡುವೆ ಏನೋ ಉರುಳಿತು. ಅವ್ವ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹಳದಿಗಟ್ಟಿದ ಬಟ್ಟೆ, ತುಂಡಾದ ದಾರ.

ಕಾಕಾ ಮೇಲೆ ಬಂದು ನೋಡಿದವನೇ ಅಂಗಳದ ಬಾಗಿಲು ಎಳೆದ.

“ಬಾಯಿ ಮುಚಗೊಂಡಿರ್ರಿ. ನಾಳೆ ಅಫಜಲಪುರ ಕಡೆ ಹೋಗೋದದ, ಭೀಮಾ ಹೊಳ್ಯಾಗ ಬಿಟ್ಟು ಬರ್ತೇನಿ.”

“ಆಯಿಗೆ ಹೇಳೂಣು ಕಾಕಾ.”

“ಹುಚ್ಚಿ ಇದ್ದಿ ಏನು? ನಾಕ ವರ್ಷ ಸುಳ್ಳ ಪೂಜಿ ಮಾಡೀದಿ ಅಂತ ಹೇಳ್ತೀ ಮುದುಕಿಗಿ? ಎದಿ ಒಡಕೊಂಡು ಸಾಯ್ತಾಳ.”

“ಆಕಿ ನಿನ್ನ ಕೇಳಿಲ್ಲ ಕಾಕಾ. ನನ್ನ ಕೇಳ್ಯಾಳ.”

ಆಯಿ ಪಡಸಾಲೆಯಲ್ಲಿ ಹತ್ತಿ ಹಿಡಿದು ಬತ್ತಿ ಹೊಸೆಯುತ್ತಿದ್ದಳು. ನಾನು ಅದನ್ನು ಅವಳ ಮುಂದಿಟ್ಟೆ.

“ಏನ ಬೇ ಇದು?”

“ನಿನ್ನ ಲಿಂಗ ಆಯಿ. ಹಗೇವಿನ್ಯಾಗ ಸಿಕ್ತು.”

“ನನ್ನ ಲಿಂಗ ನನ್ನ ಕೊರಳಾಗ ಅದ.”

“ಅದು ನಿಂದಲ್ಲ ಆಯಿ. ಅಯ್ಯನವರು ತಂದಿದ್ದರು. ನಾ ಸುಳ್ಳ ಹೇಳಿದ್ದೆ.”

ಅವಳು ಮೊದಲು ಗುರುತು ಹಿಡಿದದ್ದು ಲಿಂಗವನ್ನಲ್ಲ, ಬಟ್ಟೆಯನ್ನು. ಅದು ತೀರಿಹೋದ ಮುತ್ಯಾನ, ಅಂದರೆ ಅವಳ ಗಂಡನ, ಧೋತರದ ಅಂಚು. ತಾನೇ ಹಾಕಿದ ಗಂಟು. ಅದನ್ನು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ಕಾಕಾ, ಅವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಆಯಿ ಎದೆ ಒಡೆದುಕೊಳ್ಳಲಿಲ್ಲ. ಅಳಲಿಲ್ಲ. ಕೊರಳಲ್ಲಿದ್ದುದನ್ನು ಮುಟ್ಟಿಕೊಂಡಳು, ಕೈಯಲ್ಲಿದ್ದುದನ್ನು ನೋಡಿದಳು.

“ಆವತ್ತ ನಾ ಲಿಂಗ ನೋಡಿ ನಂಬಿದ್ದಿಲ್ಲ ಬೇ,” ಅಂದಳು. “ನಿನ್ನ ಮಾರಿ ನೋಡಿ ನಂಬಿದ್ದೆ.”

ಎದ್ದು ಹಿತ್ತಲಿಗೆ ಹೋದಳು. ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾನು ನೀರು ಕೊಟ್ಟರೆ ಕುಡಿಯಲಿಲ್ಲ, ಅವ್ವನ ಕೈಯಿಂದ ಕುಡಿದಳು. ಆ ಮೂರು ದಿನ ಮನೆಯಲ್ಲಿ ನನ್ನಷ್ಟು ಸಣ್ಣವರು ಯಾರೂ ಇರಲಿಲ್ಲ. ದೇವರು ಶಿಕ್ಷೆ ಕೊಡುತ್ತಾನೋ ಎಂದು ನಾನು ಹೆದರಲಿಲ್ಲ. ಅವಳು ಇನ್ನು ಯಾರ ಮುಂದೆಯೂ “ನಮ್ಮ ಶಶಿ” ಅನ್ನಲಾರಳು ಎಂಬುದೊಂದೇ ನನಗೆ ಸಾಕಾಗಿತ್ತು. ಎರಡೂ ಲಿಂಗಗಳನ್ನು ಒಂದೇ ದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದಳು. ನಡುವೆ ಅಯ್ಯನವರು ಬಂದರು, ಕಾಕಾ ಹೇಳಿಕಳಿಸಿದ್ದ. ಆಯಿ ಅವರಿಗೆ ಮಣೆ ಹಾಕಿ, ಕಾಲಿಗೆ ನೀರು ಕೊಟ್ಟು, ಆಮೇಲೆ ಹಿಡಿದುಕೊಂಡಳು.

“ಏನ್ರಿ ಅಯ್ಯನವರ, ನಾಕ ವರ್ಷ ನಿಮ್ಮ ಮಠದ ಲಿಂಗಕ್ಕ ನೀರ ಹಾಕೀನಿ. ಒಂದ ಸಲನಾದ್ರೂ, ‘ಮುದುಕೀ, ನಾ ನಿನ್ನಾವಲ್ಲ’ ಅಂತ ಹೇಳಬಾರದೇನ್ರಿ ಅದು?”

“ಶಿವ ಎಲ್ಲಾದ್ರಾಗೂ ಒಬ್ಬನೇ ಅಲ್ರಿ ತಾಯಿ.”

“ಹಂಗಂತ ಆವತ್ತೇ ಹೇಳಿದ್ರ ನಾ ಉಣತಿದ್ದಿಲ್ಲೇನು?”

“ಆವತ್ತೇ ಹೇಳೀನ್ರಿ. ನೀವು ಕೇಳಲಿಲ್ಲ.”

ಆಯಿ ಎಲೆಅಡಿಕೆಯ ತಟ್ಟೆಯನ್ನು ಅವರ ಮುಂದೆ ಸರಿಸಿದಳು. ಅವಳು ವಾದವನ್ನು ಹಾಗೆ ಬಿಟ್ಟುಕೊಟ್ಟದ್ದನ್ನು ನಾವು ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲ.

ನಾಲ್ಕನೇ ದಿನ ಬಿಲ್ಲೆ ಗೋಡೆಯಿಂದ ಇಳಿಯುವ ಹೊತ್ತಿಗೆ ನನ್ನನ್ನು ಕರೆದಳು. ಕಂಬಳಿಯ ಮೇಲೆ ಎರಡೂ ಪಕ್ಕಪಕ್ಕದಲ್ಲಿದ್ದವು.

“ಬಾ ಇಲ್ಲಿ. ನನ್ನ ಸಂಚಿ ಎಲ್ಲಿಟಗೊಳ್ತೇನಿ ಹೇಳು.”

ಎಲೆಅಡಿಕೆಯ ಸಣ್ಣ ಚೀಲವನ್ನು ಆಯಿ ಕುಪ್ಪಸದೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಎದೆಯ ಮೇಲೆ, ಲಿಂಗ ತೂಗುವ ಜಾಗದಲ್ಲೇ. ನನಗೆ ಥಟ್ಟನೆ ಹೊಳೆಯಿತು.

“ಆವತ್ತ ಸಂಜಿಗೆ ಸಂಚಿ ಮುಟ್ಟೀನಿ ಬೇ ನಾ,” ಅಂದಳು. “ಲಿಂಗ ಅಂತ ತಿಳಕೊಂಡು ಅಡಿಕಿಗೆ ಕೈ ಮುಗದೀನಿ. ಎಲ್ಲಾರ ಮುಂದ ಇದೇ ಕೈಲೆ ಮುಟ್ಟೀನಿ ಅಂದೆ. ನಾನೂ ಸುಳ್ಳ ಹೇಳೀನಿ, ನನಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತು. ಅಷ್ಟೇ ಫರಕ.”

ಅವಳ ತುಟಿಯಂಚು ಅಲ್ಲಾಡಿತು. ನಾನು ಮೊದಲು ನಕ್ಕೆನೋ ಅವಳೋ ನೆನಪಿಲ್ಲ. ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು. ನಗು ಇಳಿದ ಮೇಲೆ ಕೇಳಿದೆ.

“ಈಗ ಯಾವುದ್ರಾಗ ಬೆಳಕ ಕಾಣಸ್ತದ ಆಯಿ?”

“ಎರಡ್ರಾಗೂ ಕಾಣಸ್ತದ.”

“ಹಂಗಾರ ಖರೇ ಯಾವುದು?”

“ಅದೇ ನಾನೂ ಕೇಳಾಕತ್ತೇನಿ. ನಿಮ್ಮ ಸಿಸ್ಟರ್ ಅದೇನೋ ಅಂತಾಳಲ್ಲ, ಮಾಡಿ ನೋಡೋದು?”

“ಎಕ್ಸ್‌ಪೆರಿಮೆಂಟ್.”

“ಅದೇ. ನಿನ್ನೆ ಇದು ಹಿಡಿದೆ. ಮೊನ್ನೆ ಅದು ಹಿಡಿದೆ. ಇವತ್ತ ಯಾವುದೂ ಹಿಡೀಲಿಲ್ಲ. ಖಾಲಿ ಕೈ ನೋಡ್ಕೋತ ಕುಂತೆ.”

“ಕಾಣಿಸ್ತೇನು?”

“ನಾ ಹೇಳಿದ್ರ ನೀ ನಂಬತೀ. ನಂಬಬ್ಯಾಡ. ನೀ ಕುಂತು ನೋಡು.”

ಅಲ್ಲಿಂದ ಮುಂದಿನ ವರ್ಷಗಳಲ್ಲಿ ಆಯಿ ಹೀಗೇ ಇದ್ದಳು. ಪೂಜೆ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಪೂಜೆ ಮುಗಿದ ಮೇಲೆ ಅವಳ ಮುಖದ ಮೇಲೆ ಮೊದಲಿನ ಸಮಾಧಾನದ ಜೊತೆಗೆ ಬೇರೇನೋ ಸೇರಿಕೊಂಡಿತ್ತು. ಬಸ್ಸಿನ ಕಿಟಕಿಯ ಪಕ್ಕ ಮೊದಲ ಸಲ ಕೂತ ಮಕ್ಕಳ ಮುಖದಲ್ಲಿ ಇರುತ್ತದಲ್ಲ, ಅದು. ಎಪ್ಪತ್ತು ದಾಟಿದ ಮೇಲೆ ಅವಳು ಪ್ರಶ್ನೆ ಕೇಳಲು ಕಲಿತಳು. ಕಾಕಾನಿಗೆ ಇದು ಹಿಡಿಸಲಿಲ್ಲ. “ಇಂಗ್ಲೀಸ್ ಬಾಯಿ ಆಯಿನ್ನೂ ಕೆಡಸ್ಯಾಳ,” ಅನ್ನುತ್ತಿದ್ದ. ಒಮ್ಮೆ ನಾನು ರಜೆಗೆ ಬಂದಾಗ ಅವಳು ಅಯ್ಯನವರಿಂದ ಎರಡೂ ಲಿಂಗಗಳಿಗೆ ಹೊಸದಾಗಿ ಕಪ್ಪು ಲೇಪ ಮಾಡಿಸಿ, ಎರಡಕ್ಕೂ ಒಂದೇ ಥಾನಿನ ಬಟ್ಟೆ ಕಟ್ಟಿದ್ದಳು. ಯಾಕೆಂದು ಕೇಳಿದರೆ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ನನ್ನ ಬಗ್ಗೆ ಮೊದಲಿನ ಆ ಮಾತನ್ನು ಮಾತ್ರ ಅವಳು ಮತ್ತೆ ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಅವಳು ಹೋದಾಗ ನಾನು ಬಿ.ಎಡ್. ಮುಗಿಸಿ ಟೀಚರ್ ಆಗಿದ್ದೆ. ಆಳಂದದಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಆಯಿಯನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಅದೇ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊಲದಲ್ಲಿ ತೋಡಿದ ಗುಂಡಿಯೊಳಗೆ ಕೂಡಿಸಿದ ಮೇಲೆ ಅಯ್ಯನವರು ತಟ್ಟೆ ಹಿಡಿದು ನಿಂತರು. ಅವರಿಗೂ ಆಗ ಬಹಳ ವಯಸ್ಸಾಗಿತ್ತು. ತಟ್ಟೆಯಲ್ಲಿ ಎರಡು ಲಿಂಗಗಳಿದ್ದವು, ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ಬಟ್ಟೆ.

“ಯಾವುದು ಇಡೋದು ಅಂತ ನಾ ಆಯಿನ್ನ ಕೇಳಿದ್ದೆ,” ಕಾಕಾ ಅಂದ. “ಶಶಿನ್ನ ಕೇಳ್ರಿ ಅಂದ್ಲು. ಆಕಿ ಸುಳ್ಳ ಹೇಳಂಗಿಲ್ಲ ಅಂದ್ಲು.”

ಎಲ್ಲರೂ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ. ಒಂದನ್ನು ತೋರಿಸಿ “ಇದೇ” ಅನ್ನುವುದು ಎಷ್ಟು ಸುಲಭವಿತ್ತು. ಕಾಕಾ ಅದಕ್ಕೇ ಕಾಯುತ್ತಿದ್ದ. ಅವ್ವ ಸೆರಗು ಕಚ್ಚಿ ನಿಂತಿದ್ದಳು. ಅಂದುಬಿಟ್ಟರೆ ಎಲ್ಲರ ಜೀವಕ್ಕೂ ತಂಪು. ಎರಡು ಬಟ್ಟಲು ಅಂಬಲಿಯಷ್ಟು ತಂಪು.

“ತಂಗಿ, ಖರೇ ಹೇಳ್ರಿ,” ಅಂದರು ಅಯ್ಯನವರು. “ತಾಯಿದು ಯಾವುದು?”

“ನನಗ ಗೊತ್ತಿಲ್ರಿ.”

ಜನರಲ್ಲಿ ಗುಜುಗುಜು ಎದ್ದಿತು. ಅಯ್ಯನವರು ಕಣ್ಣು ಮುಚ್ಚಿ ತಟ್ಟೆಗೆ ಕೈ ಹಾಕಿ, ಕೈಗೆ ಬಂದದ್ದನ್ನು ಎತ್ತಿ, ಆಯಿಯ ಎಡ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಉಳಿದದ್ದನ್ನು ನನ್ನ ಕೈಗೆ ಕೊಟ್ಟರು.

ಅದು ಈಗ ನನ್ನ ಮೇಜಿನ ಮೇಲೆ, ಕನ್ನಡಕದ ಕೇಸಿನ ಪಕ್ಕ ಇದೆ. ನನಗೆ ಪೂಜೆ ಗೊತ್ತಿಲ್ಲ, ಮಾಡುವುದೂ ಇಲ್ಲ. ಆದರೆ ಬೆಳಿಗ್ಗೆ ಕಿಟಕಿಯ ಬಿಸಿಲು ಮೇಜಿನ ಅಂಚಿಗೆ ಬರುವ ಹೊತ್ತಿನಲ್ಲಿ, ಟೀ ಕುಡಿಯುವ ಮೊದಲು, ಅದನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂರುತ್ತೇನೆ. ಒಂದೊಂದು ದಿನ ಖಾಲಿ ಕೈಯನ್ನೂ ನೋಡುತ್ತೇನೆ. ಏನು ಕಾಣುತ್ತದೆ ಎಂದು ಮೊಮ್ಮಗಳು ಮೊನ್ನೆ ಕೇಳಿದಳು. ನನ್ನ ಮೂಗು, ಅಂದೆ. ಅವಳು ನನ್ನ ಭುಜದ ಮೇಲಿಂದ ಬಗ್ಗಿ, ತಾನೂ ನೋಡತೊಡಗಿದಳು.